ಏನೂ ಆಗದ ದಿನಕ್ಕೆ ಪದಕ ಉಂಟೇ?

ದಕ್ಷಿಣ ಕನ್ನಡ ಜಿಲ್ಲೆ ಬೆಳ್ತಂಗಡಿ ತಾಲ್ಲೂಕಿನ ವೇಣೂರು ಪೊಲೀಸ್ ಠಾಣೆಯ ಪಾಲಿಗೆ 2024ನೇ ಇಸವಿ ಶುರುವಾದದ್ದೇ ಸಿಡಿಮದ್ದಿನ ಸದ್ದಿನಿಂದ. ಜನವರಿ 28ರ ಭಾನುವಾರ ಗೋಳಿಯಂಗಡಿ ಬಳಿಯ ಕುಕ್ಕೇಡಿ ಗ್ರಾಮದಲ್ಲಿ ಪಟಾಕಿ ತಯಾರಿಸುವ ಘಟಕವೊಂದು ಸ್ಫೋಟಗೊಂಡು ಮೂವರು ಕೆಲಸಗಾರರು ಸತ್ತರು. ಸತ್ತವರು ಊರಿನವರಲ್ಲ, ಇಬ್ಬರು ಕೇರಳದವರು, ಒಬ್ಬರು ಹಾಸನದವರು. ಇಂಥ ಪ್ರಕರಣದಲ್ಲಿ ಠಾಣೆಯ ಮೇಲೆ ಬೀಳುವ ಕೆಲಸ ಎಫ್‌ಐಆರ್ ಬರೆದಲ್ಲಿಗೆ ಮುಗಿಯುವುದಿಲ್ಲ. ಛಿದ್ರವಾದ ದೇಹಗಳ ಗುರುತು ಹಿಡಿಯಬೇಕು, ದೂರದೂರಿನ ಮನೆಯವರನ್ನು ಕರೆಸಬೇಕು, ಸ್ಥಳ ಮಹಜರು ಆಗಬೇಕು, ಮಾದರಿಗಳು ವಿಧಿವಿಜ್ಞಾನ ಪ್ರಯೋಗಾಲಯ ತಲುಪಬೇಕು, ಪರವಾನಗಿಯ ಕಾಗದಪತ್ರಗಳ ಜಾಡು ಹಿಡಿಯಬೇಕು. ಈ ನಡುವೆ ರಸ್ತೆ ಅಪಘಾತ, ಜಾಗದ ತಕರಾರು, ಗಂಡ ಹೆಂಡಿರ ಜಗಳದ ಅರ್ಜಿಗಳು ಕಾಯುತ್ತ ಕೂರುವುದಿಲ್ಲ.

ಅದಾಗಿ ಇಪ್ಪತ್ತೈದನೇ ದಿನಕ್ಕೆ, ಫೆಬ್ರುವರಿ 22ರಂದು, ವೇಣೂರಿನಲ್ಲೇ ಫಲ್ಗುಣಿ ನದಿಯ ದಡದಲ್ಲಿ ನಿಂತ ಬಾಹುಬಲಿಗೆ ಮಹಾಮಸ್ತಕಾಭಿಷೇಕ ಆರಂಭವಾಯಿತು. 1604ರಲ್ಲಿ ಅಜಿಲ ಅರಸು ತಿಮ್ಮಣ್ಣ ನಿಲ್ಲಿಸಿದ 35 ಅಡಿ ಎತ್ತರದ ಮೂರ್ತಿ ಅದು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಈ ಉತ್ಸವ ಮಾರ್ಚ್ 1ರವರೆಗೆ ನಡೆಯಿತು. ಗಣ್ಯರ ಓಡಾಟ, ಮುನಿಸಂಘ, ಬಸ್ಸುಗಳು, ಮೂಡುಬಿದಿರೆ ಕಡೆಯಿಂದಲೂ ಬೆಳ್ತಂಗಡಿ ಕಡೆಯಿಂದಲೂ ಬರುವ ಕಾರುಗಳ ಸಾಲು, ಕಳೆದುಹೋಗುವ ಮಕ್ಕಳು, ಕಿಸೆಗಳ್ಳರು. ಹೊರಗಿನಿಂದ ಎಷ್ಟೇ ಬಂದೋಬಸ್ತ್ ಬಂದರೂ, ಯಾವ ಗದ್ದೆಯಲ್ಲಿ ವಾಹನ ನಿಲ್ಲಿಸಬಹುದು, ಯಾವ ಒಳದಾರಿ ಎಲ್ಲಿ ಹೋಗಿ ಸೇರುತ್ತದೆ ಎಂದು ಹೇಳಬೇಕಾದವರು ಸ್ಥಳೀಯ ಠಾಣೆಯವರೇ.

ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಜಾರಿಯಾಯಿತು. ಏಪ್ರಿಲ್ 26ಕ್ಕೆ ದಕ್ಷಿಣ ಕನ್ನಡದಲ್ಲಿ ಮತದಾನ. ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಇಪ್ಪತ್ತು ಇಪ್ಪತ್ತೈದು ವರ್ಷ 302, 379, 420 ಎಂದು ಬಾಯಿಪಾಠವಾಗಿದ್ದ ಕಲಮುಗಳನ್ನೆಲ್ಲ ಹೆಡ್ ಕಾನ್‌ಸ್ಟೇಬಲ್‌ಗಳೂ ಸ್ಟೇಷನ್ ರೈಟರ್‌ಗಳೂ ಹೊಸದಾಗಿ ಕಲಿಯಬೇಕಾಯಿತು. ಮಳೆಗಾಲ ಮುಗಿದು ನವೆಂಬರ್ 18 ಬಂದಾಗ ಪಕ್ಕದ ಉಡುಪಿ ಜಿಲ್ಲೆಯ ಕಬ್ಬಿನಾಲೆ ಕಾಡಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡನ ಎನ್‌ಕೌಂಟರ್ ಆಯಿತು. ಕುತ್ಲೂರು, ನಾರಾವಿ ಕಡೆಯ ಕಾಡಂಚಿನ ಊರುಗಳಿರುವ ಈ ಭಾಗದ ಪೊಲೀಸರಿಗೆ ಅದು ಪಕ್ಕದ ಜಿಲ್ಲೆಯ ಸುದ್ದಿ ಎಂದು ಸುಮ್ಮನಿರುವ ವಿಷಯವಲ್ಲ.

ಒಂದು ಸಣ್ಣ ಗ್ರಾಮಾಂತರ ಠಾಣೆಯ ಒಂದು ವರ್ಷ ಇದು. ಇದರಲ್ಲಿ ಯಾವುದಕ್ಕೆ ಪದಕ ಕೊಡುವುದು, ಯಾರಿಗೆ ಕೊಡುವುದು?

ಪೊಲೀಸ್ ಇಲಾಖೆಯಲ್ಲಿ ಶಹಬ್ಬಾಸ್ ಹೇಳುವುದಕ್ಕೆ ಮೆಟ್ಟಿಲುಗಳುಂಟು. ಎಲ್ಲಕ್ಕಿಂತ ಕೆಳಗಿನದು ನಗದು ಬಹುಮಾನ, ಇಲಾಖೆಯ ಮಾತಿನಲ್ಲಿ ‘ರಿವಾರ್ಡ್’. ಕಳ್ಳನನ್ನು ಹಿಡಿದ ತಂಡಕ್ಕೆ ಎಸ್‌ಪಿ ಘೋಷಿಸುವ ಮೊತ್ತ ಸಣ್ಣದು. ತಂಡದಲ್ಲಿ ಹಂಚಿದರೆ ಚಹಾ ತಿಂಡಿಗೆ ಸಾಕಾದೀತು. ಆದರೆ ಆ ಆದೇಶ ಸೇವಾ ಪುಸ್ತಕದಲ್ಲಿ ಒಂದು ಸಾಲಾಗಿ ದಾಖಲಾಗುತ್ತದೆ, ಬೆಲೆ ಇರುವುದು ಆ ಸಾಲಿಗೆ. ಅದರ ಮೇಲಿನದು ಪ್ರಶಂಸನಾ ಪತ್ರ. ಅದಕ್ಕೂ ಮೇಲೆ ರಾಜ್ಯದ ಮಟ್ಟದಲ್ಲಿ ಮುಖ್ಯಮಂತ್ರಿ ಪದಕ, ದೇಶದ ಮಟ್ಟದಲ್ಲಿ ಕೇಂದ್ರ ಗೃಹಸಚಿವರ ಪದಕ ಮತ್ತು ರಾಷ್ಟ್ರಪತಿ ಪದಕ.

ಮುಖ್ಯಮಂತ್ರಿ ಪದಕಕ್ಕೆ ಕರ್ನಾಟಕದಲ್ಲಿ ನಿಗದಿಯಾದ ದಿನ ಏಪ್ರಿಲ್ 2, ಪೊಲೀಸ್ ಧ್ವಜ ದಿನ. 1963ರಲ್ಲಿ ರೂಪುಗೊಂಡ ರಾಜ್ಯದ ಪೊಲೀಸ್ ಕಾಯ್ದೆ ಜಾರಿಗೆ ಬಂದದ್ದು 1965ರ ಅದೇ ದಿನ. ಆಗ ರಾಜ್ಯದ ಹೆಸರಿನ್ನೂ ಮೈಸೂರು, ಕಾಯ್ದೆಯ ಹೆಸರೂ ಮೈಸೂರು ಪೊಲೀಸ್ ಕಾಯ್ದೆ. ಆ ದಿನ ಕವಾಯತು ಮೈದಾನದಲ್ಲಿ ಪದಕಗಳ ಪ್ರದಾನ ನಡೆಯುತ್ತದೆ, ಪುಟ್ಟ ಧ್ವಜಗಳ ಮಾರಾಟವೂ ಇರುತ್ತದೆ. ಧ್ವಜ ಮಾರಿ ಬಂದ ಹಣ ಸೇವೆಯಲ್ಲಿರುವ ಮತ್ತು ನಿವೃತ್ತ ಪೊಲೀಸರ ಕಲ್ಯಾಣಕ್ಕೆ.

ರಾಷ್ಟ್ರಪತಿ ಪದಕದ ವಂಶಾವಳಿ ಇನ್ನೂ ಹಳೆಯದು. 1909ರಲ್ಲಿ ಏಳನೇ ಎಡ್ವರ್ಡ್ ದೊರೆ ಸ್ಥಾಪಿಸಿದ ‘ಕಿಂಗ್ಸ್ ಪೊಲೀಸ್ ಮೆಡಲ್’ ಇಂಡಿಯಾದ ಪೊಲೀಸರಿಗೂ ಸಲ್ಲುತ್ತಿತ್ತು. ಗಣರಾಜ್ಯವಾದ ಮೇಲೆ, 1951ರ ಮಾರ್ಚ್ 1ರಂದು, ಅದರ ಜಾಗದಲ್ಲಿ ನಮ್ಮದೇ ಪದಕಗಳು ಬಂದವು. ವರ್ಷಗಳು ಉರುಳಿದಂತೆ ಪದಕಗಳ ಬಗೆ ಬೆಳೆದು ಹದಿನಾರಕ್ಕೆ ಮುಟ್ಟಿತು. 2023ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವನ್ನೆಲ್ಲ ಕೂಡಿಸಿ ನಾಲ್ಕಕ್ಕೆ ಇಳಿಸಿತು: ಶೌರ್ಯಕ್ಕೆ ಎರಡು, ಸೇವೆಗೆ ಎರಡು. ಹೊಸ ಲೆಕ್ಕದ ಮೊದಲ ಪಟ್ಟಿ 2024ರ ಗಣರಾಜ್ಯೋತ್ಸವಕ್ಕೆ ಹೊರಬಿತ್ತು. ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ, ಬಂದೀಖಾನೆ ಎಲ್ಲ ಸೇರಿ ದೇಶಕ್ಕೆ 1,132 ಪದಕ. ಅದರಲ್ಲಿ ಶ್ಲಾಘನೀಯ ಸೇವೆಗೆ 753, ವಿಶಿಷ್ಟ ಸೇವೆಗೆ 102, ಶೌರ್ಯಕ್ಕೆ 277.

ಈ ಲೆಕ್ಕದಲ್ಲಿ ಗಮನಿಸಬೇಕಾದ್ದೊಂದಿದೆ. ಶೌರ್ಯ ಪದಕ ಒಂದು ಘಟನೆಗೆ ಕೊಡುವಂಥದ್ದು. ಗುಂಡು ಹಾರಿದ ಕ್ಷಣ, ನೀರಿಗೆ ಹಾರಿದ ಕ್ಷಣ. ಸೇವಾ ಪದಕ ವರ್ಷಗಟ್ಟಲೆ ಕಪ್ಪುಚುಕ್ಕೆ ಇಲ್ಲದೆ ದುಡಿದದ್ದಕ್ಕೆ. ಇವೆರಡರ ನಡುವೆ ಜಾರಿಹೋಗುವುದು ಒಂದು ಒಳ್ಳೆಯ ವರ್ಷ. ಗುಂಡು ಹಾರಿಸದೆ, ಇನ್ನೂ ಹದಿನೈದಿಪ್ಪತ್ತು ವರ್ಷ ಸೇವೆ ಮುಗಿಸದೆ, ಒಂದು ಠಾಣೆಯಲ್ಲಿ ಹನ್ನೆರಡು ತಿಂಗಳು ಚೆನ್ನಾಗಿ ಕೆಲಸ ಮಾಡಿದ ಸಬ್ ಇನ್‌ಸ್ಪೆಕ್ಟರ್ ಅಥವಾ ಕಾನ್‌ಸ್ಟೇಬಲ್‌ಗೆ ಬಾಗಿಲು ತೆರೆದಿರುವುದು ಹೆಚ್ಚೆಂದರೆ ಮುಖ್ಯಮಂತ್ರಿ ಪದಕ ಒಂದೇ.

ಆ ಬಾಗಿಲಿನವರೆಗೆ ನಡೆದುಹೋಗುವುದು ಮನುಷ್ಯ ಅಲ್ಲ, ಕಡತ. ಠಾಣೆ, ಉಪವಿಭಾಗ, ಜಿಲ್ಲೆ, ವಲಯ, ಪ್ರಧಾನ ಕಚೇರಿ ಎಂದು ಶಿಫಾರಸು ಮೇಲೇರುತ್ತದೆ. ಇಲಾಖಾ ವಿಚಾರಣೆ ಬಾಕಿ ಇರಬಾರದು, ಸೇವಾ ಪುಸ್ತಕದಲ್ಲಿ ಬಹುಮಾನದ ಸಾಲುಗಳು ಇರಬೇಕು. ಮೇಲಿನ ಅಧಿಕಾರಿಯ ಕಣ್ಣಿಗೆ ಬಿದ್ದ ಕೆಲಸ ಬರವಣಿಗೆಗೆ ಇಳಿಯುತ್ತದೆ, ಬೀಳದ್ದು ಇಳಿಯುವುದಿಲ್ಲ. ಅಪರಾಧ ಪತ್ತೆ ದಳದಲ್ಲಿದ್ದವನ ಹೆಸರು ಹತ್ತು ರಿವಾರ್ಡ್ ಆದೇಶಗಳಲ್ಲಿ ಬಂದರೆ, ಅದೇ ಠಾಣೆಯಲ್ಲಿ ಸಮನ್ಸ್ ಜಾರಿ ಮಾಡುತ್ತ, ನ್ಯಾಯಾಲಯದ ಡ್ಯೂಟಿಯಲ್ಲಿ ಸಾಕ್ಷಿಗಳನ್ನು ಹೊತ್ತಿಗೆ ಸರಿಯಾಗಿ ಕರೆತರುವವನ ಹೆಸರು ಒಂದರಲ್ಲೂ ಇರುವುದಿಲ್ಲ. ಆರೋಪಿಗೆ ಶಿಕ್ಷೆ ಆಗುವುದು ಹಿಡಿದವನಿಂದ ಎಷ್ಟೋ, ಸಾಕ್ಷಿ ತಂದವನಿಂದಲೂ ಅಷ್ಟೇ ಎಂಬುದು ಸರಕಾರಿ ವಕೀಲರಿಗೆಲ್ಲ ಗೊತ್ತಿರುವ ಸಂಗತಿ.

ಹಾಗಾದರೆ ನಿಜಕ್ಕೂ ಎದ್ದು ಕಾಣುವ ಕೆಲಸ ಎಂದರೆ ಹೇಗಿರುತ್ತದೆ? ಉದಾಹರಣೆಗೆ ದೂರ ಹೋಗಬೇಕಿಲ್ಲ. 2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಬರಿಮಾರಿನ ಯುವತಿಯೊಬ್ಬಳು ಮನೆಯಿಂದ ಹೋದವಳು ಮರಳಲಿಲ್ಲ. ಕರಾವಳಿಯಲ್ಲಿ ಇಂಥ ಸುದ್ದಿ ಹೇಗೆ ಹೊತ್ತಿಕೊಳ್ಳುತ್ತದೆ ಎಂದು ಎಲ್ಲರಿಗೂ ಗೊತ್ತು. ಅನ್ಯಕೋಮಿನವರ ಮೇಲೆ ಗುಮಾನಿ, ಪ್ರತಿಭಟನೆ, ಠಾಣೆಯ ಮೇಲೆ ಒತ್ತಡ ಎಲ್ಲ ಶುರುವಾಯಿತು. ಆಗ ಪುತ್ತೂರಿನ ಎಎಸ್‌ಪಿ ಆಗಿದ್ದ ಚಂದ್ರಗುಪ್ತ ಮತ್ತು ಬಂಟ್ವಾಳದ ಇನ್‌ಸ್ಪೆಕ್ಟರ್ ನಂಜುಂಡೇಗೌಡರ ತಂಡ ಗುಂಪಿನ ಮಾತಿಗೆ ಕಿವಿಗೊಡುವ ಬದಲು ಫೋನ್ ಕರೆಗಳ ದಾಖಲೆ ಹಿಡಿದು ಕೂತಿತು. ಒಬ್ಬಳ ದಾಖಲೆ ಹಿಡಿದು ಹೋದರೆ ನಾಪತ್ತೆಯಾದ ಇನ್ನೊಬ್ಬಳ ಸಂಖ್ಯೆ, ಅವಳದ್ದು ಹಿಡಿದರೆ ಮತ್ತೊಬ್ಬಳದ್ದು. ಎಳೆ ಹೋಗಿ ನಿಂತದ್ದು ಹಿಂದೆ ಶಾಲಾ ಮೇಷ್ಟ್ರಾಗಿದ್ದ ಮೋಹನ್ ಕುಮಾರ್ ಎಂಬುವನ ಹತ್ತಿರ. ಆ ವರ್ಷ ಅಕ್ಟೋಬರ್‌ನಲ್ಲಿ ಅವನ ಬಂಧನವಾಯಿತು. ಮದುವೆಯಾಗುತ್ತೇನೆಂದು ನಂಬಿಸಿ, ಬಸ್ ನಿಲ್ದಾಣದ ಬಳಿ ಗರ್ಭನಿರೋಧಕ ಗುಳಿಗೆ ಎಂದು ಸಯನೈಡ್ ನುಂಗಿಸಿ, ಒಡವೆ ಕದ್ದೊಯ್ಯುವುದು ಅವನ ರೀತಿ. ಅವನ ಮೇಲೆ ಬಿದ್ದ ಕೊಲೆ ಪ್ರಕರಣಗಳು ಇಪ್ಪತ್ತು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು; ಬರಿಮಾರು ಪ್ರಕರಣದ ಮರಣದಂಡನೆಯನ್ನು ಹೈಕೋರ್ಟ್ 2017ರಲ್ಲಿ ಜೀವಾವಧಿಗೆ ಇಳಿಸಿತು. ಕೊನೆಯದಾದ ಇಪ್ಪತ್ತನೇ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.

ಈ ತನಿಖೆಯ ಹೆಚ್ಚುಗಾರಿಕೆ ಒಬ್ಬ ಹಂತಕನನ್ನು ಹಿಡಿದದ್ದಷ್ಟೇ ಅಲ್ಲ. ಕೊಲೆಯಾದ ಹೆಂಗಸರ ದೇಹಗಳು ಮಡಿಕೇರಿ, ಮೈಸೂರು, ಬೆಂಗಳೂರಿನಂಥ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಆಗಲೇ ಸಿಕ್ಕಿದ್ದವು. ಸಿಕ್ಕಲ್ಲೆಲ್ಲ ಠಾಣೆಯವರು ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ ಎಂದು ಬರೆದುಕೊಂಡರು. ಗುರುತು ಸಿಗದ ಹೆಂಗಸು, ಆತ್ಮಹತ್ಯೆ ಇರಬೇಕು ಎಂದು ಕಡತಗಳು ಬೇರೆ ಬೇರೆ ಕಪಾಟುಗಳಲ್ಲಿ ಮಲಗಿದವು. ಇತ್ತ ಹುಟ್ಟೂರಿನ ಠಾಣೆಯಲ್ಲಿ ‘ಕಾಣೆಯಾಗಿದ್ದಾಳೆ’, ಅತ್ತ ಸಾವಿನ ಊರಿನಲ್ಲಿ ‘ಅಪರಿಚಿತ ಶವ’. ಎರಡೂ ಕಾಗದಗಳು ಒಂದೇ ಮೇಜಿಗೆ ಬರಲು ಆರು ವರ್ಷ ಬೇಕಾಯಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಸಿಕ್ಕ ಹೊಗಳಿಕೆ ನ್ಯಾಯವಾದದ್ದೇ. ಅವರಿಗಿಂತ ಮುಂಚೆ ಯಾವುದೋ ಠಾಣೆಯ ಯಾರೋ ಒಬ್ಬರು ಮೂರನೆಯದೋ ನಾಲ್ಕನೆಯದೋ ಸಾವಿನಲ್ಲೇ ಅನುಮಾನಪಟ್ಟು ಪಕ್ಕದ ಜಿಲ್ಲೆಗೆ ಒಂದು ಫೋನ್ ಮಾಡಿದ್ದರೆ, ದೊಡ್ಡ ಪ್ರಕರಣವೇ ಹುಟ್ಟುತ್ತಿರಲಿಲ್ಲ, ಆ ಮನುಷ್ಯನ ಹೆಸರು ಯಾವ ಪತ್ರಿಕೆಯಲ್ಲೂ ಬರುತ್ತಿರಲಿಲ್ಲ. ಬಹುಮಾನದ ಪದ್ಧತಿಗೆ ಅಂಥವರನ್ನು ಕಾಣುವ ಕಣ್ಣು ಇನ್ನೂ ಬಂದಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಥೆಯೂ ವೇಣೂರಿನ ಸುತ್ತಲೇ ಇದೆ. 2012ರ ಮಾರ್ಚ್‌ನಲ್ಲಿ ಕುತ್ಲೂರಿನ ಮಲೆಕುಡಿಯ ಸಮುದಾಯದ ವಿದ್ಯಾರ್ಥಿಯೊಬ್ಬರನ್ನೂ ಅವರ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಲಾಯಿತು. ಆ ಹುಡುಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. ಮನೆಯಲ್ಲಿ ಸಿಕ್ಕಿದ್ದೆಂದು ತೋರಿಸಿದ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು. ಪರೀಕ್ಷೆ ಬರೆಯಲು ಬೇಡಿ ತೊಡಿಸಿಕೊಂಡು ಬಂದ ಚಿತ್ರ ಆಗ ರಾಜ್ಯದ ಗಮನ ಸೆಳೆದಿತ್ತು. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಇದೇ ಬೆಳ್ತಂಗಡಿ ತಾಲ್ಲೂಕಿನಲ್ಲಿ 2012ರ ಅಕ್ಟೋಬರ್‌ನಲ್ಲಿ ನಡೆದ ಕಾಲೇಜು ವಿದ್ಯಾರ್ಥಿನಿಯ ಕೊಲೆ ಪ್ರಕರಣದಲ್ಲಿ ಬಂಧಿತನಾಗಿದ್ದ ಏಕೈಕ ಆರೋಪಿಯೂ 2023ರ ಜೂನ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ಖುಲಾಸೆಯಾದ.

2012ನೇ ವರ್ಷದ ಅಂಕಿಅಂಶ ಬರೆಯುವವರಿಗೆ ಈ ಎರಡೂ ‘ಪತ್ತೆಯಾದ ಪ್ರಕರಣ’ಗಳೇ. ಆರೋಪಿ ಸಿಕ್ಕ, ಕಾಲಂ ತುಂಬಿತು. ಒಂಬತ್ತು ವರ್ಷ, ಹತ್ತು ವರ್ಷ ಕಳೆದು ಬರುವ ತೀರ್ಪು ಹಳೆಯ ವರ್ಷದ ಲೆಕ್ಕವನ್ನು ತಿದ್ದುವುದಿಲ್ಲ. ವರ್ಷದ ಸಾಧನೆ ಎಂದು ಮಾರ್ಚ್ ತಿಂಗಳಿನಲ್ಲಿ ಪಟ್ಟಿ ಮಾಡುವಾಗ ಬಂಧನವನ್ನು ಎಣಿಸುವುದು ಸುಲಭ, ಶಿಕ್ಷೆಯನ್ನು ಎಣಿಸಲು ಪುರುಸೊತ್ತಿಲ್ಲ. ಬಂಧನಕ್ಕೆ ಬಹುಮಾನ ಕೊಡುವ ಪದ್ಧತಿ ಇರುವವರೆಗೆ ಬಂಧನಗಳು ಬೇಗ ಬೇಗ ಆಗುತ್ತಲೇ ಇರುತ್ತವೆ.

ನಕ್ಸಲ್ ವಿಷಯವೇ ಇದಕ್ಕೆ ಇನ್ನೊಂದು ಬೆಳಕು ಚೆಲ್ಲುತ್ತದೆ. 2011ರ ಅಕ್ಟೋಬರ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಸವಣಾಲು ಕಾಡಿನಲ್ಲಿ ನಕ್ಸಲ್ ನಿಗ್ರಹ ದಳದ ಕಾನ್‌ಸ್ಟೇಬಲ್ ಮಹಾದೇವ ಮಾನೆ ಕಾರ್ಯಾಚರಣೆಯ ವೇಳೆ ಪ್ರಾಣ ಕಳೆದುಕೊಂಡರು. ಪ್ರತಿ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನಾಚರಣೆಯಲ್ಲಿ, ಹಿಂದಿನ ಸೆಪ್ಟೆಂಬರ್‌ನಿಂದ ಆ ಆಗಸ್ಟ್‌ವರೆಗೆ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಜಿಲ್ಲಾ ಕೇಂದ್ರಗಳಲ್ಲಿ ಓದುತ್ತಾರೆ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾದ ಸೈನಿಕರ ಗುಂಡಿಗೆ ಹತ್ತು ಪೊಲೀಸರು ಬಲಿಯಾದ ದಿನ ಅದು. ಸತ್ತವರನ್ನು ನೆನೆಯುವ ಕೆಲಸವನ್ನು ಇಲಾಖೆ ಶ್ರದ್ಧೆಯಿಂದಲೇ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಪಶ್ಚಿಮ ಘಟ್ಟದ ಆ ಅಧ್ಯಾಯ ಮುಗಿದದ್ದು ಗುಂಡಿನಿಂದಲ್ಲ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಎದುರು ಶರಣಾದರು. ಅವರಲ್ಲಿ ಕುತ್ಲೂರಿನ ಹೆಣ್ಣುಮಗಳೊಬ್ಬರೂ ಇದ್ದರು. ಮುಂದಿನ ತಿಂಗಳಲ್ಲಿ ಉಳಿದ ಇಬ್ಬರೂ ಬಂದರು. ಈ ಶರಣಾಗತಿಯ ಹಿಂದೆ ಸರಕಾರದ ಸಮಿತಿ ಇತ್ತು, ಶಾಂತಿಗಾಗಿ ನಾಗರಿಕ ವೇದಿಕೆಯ ಹಿರಿಯರಿದ್ದರು, ಗುಪ್ತವಾರ್ತೆಯ ಪೊಲೀಸರಿದ್ದರು. ಅವರ ಜತೆಗೆ ಇನ್ನೂ ಒಂದು ಸಾಲು ಜನ ಇರುತ್ತಾರೆ. ಕಾಡಂಚಿನ ಮನೆಗಳಿಗೆ ಹೋಗಿ, ಗದರದೆ ಕೂತು, ಪಡಿತರ ಚೀಟಿಯ ಕಷ್ಟ ಕೇಳಿ, ಬರುವ ಸುದ್ದಿಯನ್ನೂ ಹೋಗಬೇಕಾದ ಸುದ್ದಿಯನ್ನೂ ದಾಟಿಸುವ ಬೀಟ್ ಸಿಬ್ಬಂದಿ. ಎನ್‌ಕೌಂಟರ್ ಮಾಡಿದವರ ಶೌರ್ಯವನ್ನು ನಮೂದಿಸಲು ನಮೂನೆ ಇದೆ. ಹಾರದೇ ಉಳಿದ ಗುಂಡನ್ನು ನಮೂದಿಸುವ ನಮೂನೆ ಎಲ್ಲಿದೆ?

ಕರಾವಳಿಯಲ್ಲಿ ಈ ಪ್ರಶ್ನೆ ಬರೀ ವಾದಕ್ಕೆ ಎತ್ತಿದ್ದಲ್ಲ. 2025ರ ಮೇ ತಿಂಗಳಿನಲ್ಲಿ ಬಜ್ಪೆಯಲ್ಲೊಂದು, ಬಂಟ್ವಾಳ ತಾಲ್ಲೂಕಿನ ಕೊಳತ್ತಮಜಲಿನಲ್ಲೊಂದು ಕೊಲೆ ನಡೆದು ಇಡೀ ಜಿಲ್ಲೆ ಉಸಿರು ಬಿಗಿಹಿಡಿಯಿತು. ಮಂಗಳೂರಿನ ಪೊಲೀಸ್ ಆಯುಕ್ತರೂ ಜಿಲ್ಲಾ ಎಸ್‌ಪಿಯೂ ವರ್ಗವಾದರು. ಜೂನ್‌ನಲ್ಲಿ ನಕ್ಸಲ್ ನಿಗ್ರಹ ದಳದ ಸಿಬ್ಬಂದಿಯನ್ನೇ ಬಳಸಿ ಕೋಮು ಹಿಂಸೆ ತಡೆಯಲು ವಿಶೇಷ ಕಾರ್ಯಪಡೆ ರಚನೆಯಾಯಿತು. ಅಂಥ ವಾರಗಳಲ್ಲಿ ಒಂದು ಸಣ್ಣ ಪೇಟೆಯ ಠಾಣೆಯಲ್ಲಿ ಒಳ್ಳೆಯ ಕೆಲಸ ಎಂದರೆ ವಾಟ್ಸ್‌ಆ್ಯಪ್ ಸಂದೇಶ ಹರಡುವ ಮೊದಲು ಎರಡೂ ಕಡೆಯ ಹುಡುಗರ ಮನೆಯ ಹಿರಿಯರಿಗೆ ಫೋನ್ ಹೋಗಿರುವುದು. ಮರುದಿನ ಅಂಗಡಿಗಳು ಎಂದಿನಂತೆ ಬಾಗಿಲು ತೆಗೆದರೆ ಅದೇ ಯಶಸ್ಸು. ಆ ಯಶಸ್ಸಿಗೆ ಎಫ್‌ಐಆರ್ ಸಂಖ್ಯೆ ಇರುವುದಿಲ್ಲ.

ವ್ಯಕ್ತಿಯನ್ನು ಬಿಟ್ಟು ಠಾಣೆಯನ್ನೇ ಅಳೆಯುವ ಪ್ರಯತ್ನ ಕೇಂದ್ರದಿಂದ ನಡೆದಿದೆ. 2015ರಲ್ಲಿ ಕಛ್‌ನಲ್ಲಿ ನಡೆದ ಡಿಜಿಪಿಗಳ ಸಮ್ಮೇಳನದಲ್ಲಿ ಪ್ರಧಾನಿ ಕೊಟ್ಟ ಸೂಚನೆಯಂತೆ ಗೃಹ ಸಚಿವಾಲಯ ವರ್ಷಕ್ಕೊಮ್ಮೆ ದೇಶದ ಅತ್ಯುತ್ತಮ ಠಾಣೆಗಳ ಪಟ್ಟಿ ಮಾಡುತ್ತದೆ. ಆಸ್ತಿ ಅಪರಾಧ, ಮಹಿಳೆಯರ ಮೇಲಿನ ಅಪರಾಧ, ದುರ್ಬಲ ವರ್ಗದವರ ಮೇಲಿನ ಅಪರಾಧ, ನಾಪತ್ತೆ ಪ್ರಕರಣ, ಅಪರಿಚಿತ ಶವ ಇವುಗಳನ್ನು ಠಾಣೆ ಹೇಗೆ ನಿಭಾಯಿಸಿತು ಎಂಬ ದತ್ತಾಂಶದಿಂದ ಮೊದಲ ಜರಡಿ. ಕೊನೆಗೆ ಸಮೀಕ್ಷೆಯವರು ಠಾಣೆಗೇ ಬಂದು ಕಟ್ಟಡ ನೋಡಿ, ಸುತ್ತಲಿನ ಜನರನ್ನು ಮಾತಾಡಿಸುತ್ತಾರೆ. 2020ರಲ್ಲಿ 16,671 ಠಾಣೆಗಳನ್ನು ಸೋಸಿದಾಗ ಮೊದಲು ನಿಂತದ್ದು ಮಣಿಪುರದ ತೌಬಲ್ ಜಿಲ್ಲೆಯ ನೋಂಗ್‌ಪೋಕ್ ಸೆಕ್ಮಾಯಿ ಎಂಬ, ಅಲ್ಲಿಯವರೆಗೆ ಹೊರಗಿನವರು ಹೆಸರೇ ಕೇಳದ ಠಾಣೆ. 2025ರ ಪಟ್ಟಿಯಲ್ಲಿ ಮೂರನೇ ಸ್ಥಾನ ನಮ್ಮ ರಾಯಚೂರು ಜಿಲ್ಲೆಯ ಕವಿತಾಳಕ್ಕೆ ಬಂತು. ಮಹಾನಗರದ ಗಾಜಿನ ಕಟ್ಟಡದ ಠಾಣೆಗಳನ್ನು ಹಿಂದಿಕ್ಕಿ ಇಂಥ ಊರುಗಳು ಮೇಲೆ ಬರುವುದು ಆಕಸ್ಮಿಕವಲ್ಲ. ಸಣ್ಣ ಊರಿನಲ್ಲಿ ದೂರುದಾರನೂ ಪೊಲೀಸನೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ; ಕೆಟ್ಟದಾಗಿ ನಡೆದುಕೊಂಡು ಮರೆಯಾಗಲು ಜಾಗವಿಲ್ಲ.

ಜನರ ಮಾತು ಕೇಳುವ ಆ ಒಂದು ಹಂತವೇ ಈ ಪಟ್ಟಿಯ ಜೀವಾಳ. ವೈಯಕ್ತಿಕ ಪದಕಗಳ ಆಯ್ಕೆಯಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಕರ್ನಾಟಕದಲ್ಲಿ ಇದನ್ನು ಮಾಡುವುದು ಕಷ್ಟವೂ ಅಲ್ಲ. ಆರ್.ಕೆ. ದತ್ತಾ ಡಿಜಿಪಿ ಆಗಿದ್ದಾಗ, 2017ರಲ್ಲಿ, ಸುಧಾರಿತ ಬೀಟ್ ಪದ್ಧತಿ ಬಂತು. ಠಾಣೆಯ ವ್ಯಾಪ್ತಿಯನ್ನು ತುಂಡು ಮಾಡಿ, ಪ್ರತಿ ಕಾನ್‌ಸ್ಟೇಬಲ್‌ಗೂ ತನ್ನದೆನ್ನುವ ಒಂದು ಬೀಟ್ ಕೊಟ್ಟು, ಆ ಬೀಟಿನ ನಾಗರಿಕರ ಸಮಿತಿಯನ್ನೂ ಜೋಡಿಸಿದರು. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಹೆಸರಿನಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿದರು. ಕಾನ್‌ಸ್ಟೇಬಲ್ ಮನೆ ಬಾಗಿಲಿಗೆ ಬರುತ್ತಾನೆ ಎಂದಾದ ಮೇಲೆ, ಅವನು ಬಂದನೋ ಇಲ್ಲವೋ, ಬಂದು ಹೇಗೆ ಮಾತಾಡಿದ ಎಂದು ಹೇಳುವ ಯೋಗ್ಯತೆ ಆ ಮನೆಯವರಿಗಲ್ಲದೆ ಇನ್ನಾರಿಗಿದೆ?

ಊರಿನವರಂತೂ ಸರಕಾರದ ಪಟ್ಟಿಗಾಗಿ ಕಾಯುವವರಲ್ಲ. ದಕ್ಷಿಣ ಕನ್ನಡದಲ್ಲಿ ಬ್ರಹ್ಮಕಲಶೋತ್ಸವದಿಂದ ಹಿಡಿದು ಗಣೇಶೋತ್ಸವದವರೆಗೆ, ಕಂಬಳದ ಕರೆಯಿಂದ ಹಿಡಿದು ಯುವಕ ಮಂಡಲದ ವಾರ್ಷಿಕೋತ್ಸವದವರೆಗೆ ಸಭಾ ಕಾರ್ಯಕ್ರಮ ಎಂದರೆ ಸನ್ಮಾನ ಇದ್ದದ್ದೇ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಉದ್ದದ ಸನ್ಮಾನ ಪತ್ರ ವಾಚನ. ಠಾಣಾಧಿಕಾರಿಯ ಹೆಸರು ಆ ಪಟ್ಟಿಯಲ್ಲಿ ಸಹಜವಾಗಿ ಸೇರುತ್ತದೆ. ಪ್ರೀತಿಯಿಂದ ಮಾಡುವುದೂ ಉಂಟು, ಮುಂದೆ ಮೈಕಿನ ಪರವಾನಗಿಗೆ ಅನುಕೂಲವಾಗಲಿ ಎಂದು ಮಾಡುವುದೂ ಉಂಟು. ಎರಡನ್ನೂ ಬೇರ್ಪಡಿಸಿ ತಿಳಿಯುವುದು ವೇದಿಕೆಯ ಮೇಲೆ ಕೂತವರಿಗೂ ಕಷ್ಟ.

ಅದಕ್ಕಾಗಿಯೇ ನಡತೆ ನಿಯಮಗಳು ಇವೆ. ಸರಕಾರಿ ನೌಕರನು ಪೂರ್ವಾನುಮತಿ ಇಲ್ಲದೆ ತನ್ನ ಗೌರವಾರ್ಥ ಏರ್ಪಡಿಸಿದ ಸಭೆಯಲ್ಲಿ ಪಾಲ್ಗೊಳ್ಳುವುದು, ಬಿನ್ನವತ್ತಳೆ ಸ್ವೀಕರಿಸುವುದು ಸಲ್ಲದು ಎನ್ನುತ್ತವೆ ಅವು. ವರ್ಗಾವಣೆಯ, ನಿವೃತ್ತಿಯ ವೇಳೆ ನಡೆಯುವ ಖಾಸಗಿ ರೀತಿಯ ಬೀಳ್ಕೊಡುಗೆಗೆ ಮಾತ್ರ ವಿನಾಯಿತಿ. ಐಪಿಎಸ್ ಅಧಿಕಾರಿ ಡಿ. ರೂಪಾ 2018ರ ಮಾರ್ಚ್‌ನಲ್ಲಿ ಬೆಂಗಳೂರಿನ ಪ್ರತಿಷ್ಠಾನವೊಂದು ವರ್ಷದ ಸರಕಾರಿ ಅಧಿಕಾರಿ ಎಂಬ ವಿಭಾಗದಲ್ಲಿ ತಮ್ಮನ್ನು ಪರಿಗಣಿಸಿದ್ದ ಪ್ರಶಸ್ತಿಯನ್ನು ಬೇಡವೆಂದರು. ದೊಡ್ಡ ನಗದು ಮೊತ್ತದ ಬಹುಮಾನವನ್ನು ಒಪ್ಪಿಕೊಳ್ಳಲು ಮನಸ್ಸಾಕ್ಷಿ ಬಿಡುವುದಿಲ್ಲ, ಸರಕಾರಿ ಸೇವೆಯಲ್ಲಿರುವವರು ರಾಜಕೀಯ ನಂಟಿನ ಸಂಸ್ಥೆಗಳಿಂದ ಸಮಾನ ದೂರದಲ್ಲಿರಬೇಕು ಎಂಬುದು ಅವರು ಕೊಟ್ಟ ಕಾರಣ. ಅದಕ್ಕೆ ಆರು ತಿಂಗಳ ಹಿಂದಷ್ಟೇ ಅವರು ರಾಜ್ಯಪಾಲರ ಕೈಯಿಂದ ರಾಷ್ಟ್ರಪತಿ ಪದಕ ಪಡೆದಿದ್ದರು. ಪರಪ್ಪನ ಅಗ್ರಹಾರ ಜೈಲಿನ ಅಕ್ರಮಗಳ ವರದಿ ಕೊಟ್ಟು ಎತ್ತಂಗಡಿಯಾದದ್ದೂ ಪದಕ ಪಡೆದ ಅದೇ ವರ್ಷ, 2017ರಲ್ಲಿ. ಒಂದೇ ವರ್ಷದಲ್ಲಿ ಎತ್ತಂಗಡಿ, ಪದಕ ಎರಡೂ ಸಿಗುವುದು ನಮ್ಮ ಆಡಳಿತದ ವಿಶೇಷ.

ಪದಕಕ್ಕೆ ಬೆಲೆ ಬರುವುದು ಕೊಡುವವರ ಎಚ್ಚರದಿಂದ. ಜಮ್ಮು ಕಾಶ್ಮೀರದ ಡಿವೈಎಸ್‌ಪಿ ದವೀಂದರ್ ಸಿಂಗ್ 2020ರ ಜನವರಿಯಲ್ಲಿ ಉಗ್ರರೊಂದಿಗೆ ಕಾರಿನಲ್ಲಿ ಸಿಕ್ಕಿಬಿದ್ದಾಗ, ಅವರಿಗೆ ಹಿಂದೆ ಕೊಟ್ಟಿದ್ದ ಶೇರ್ ಎ ಕಾಶ್ಮೀರ್ ಪೊಲೀಸ್ ಪದಕವನ್ನು ಸರಕಾರ ಹಿಂತೆಗೆದುಕೊಳ್ಳಬೇಕಾಯಿತು. ಪಕ್ಕದ ಕೇರಳದ್ದು ನಗೆಪಾಟಲು. 2024ರ ನವೆಂಬರ್ 1ರಂದು ಅಲ್ಲಿ ಮುಖ್ಯಮಂತ್ರಿಗಳ ಪೊಲೀಸ್ ಪದಕ ಹಂಚಿದರು, ಮನೆಗೆ ಹೋಗಿ ನೋಡಿದರೆ ಮಲಯಾಳದ ಅಕ್ಷರಗಳೇ ತಪ್ಪು, ‘ಪೊಲೀಸ್’ ಎಂಬುದೇ ತಪ್ಪು. ಪದಕಗಳನ್ನು ವಾಪಸ್ ತರಿಸಿಕೊಳ್ಳಬೇಕಾಯಿತು.

ಇನ್ನು ಠಾಣೆಯಲ್ಲಿ ದುಡಿಯುವವರನ್ನು ಕೇಳಿದರೆ ಅವರ ಪಟ್ಟಿಯಲ್ಲಿ ಪದಕ ಮೊದಲು ಬರುವುದಿಲ್ಲ. 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆಂಬ ಕರೆ ಸರಕಾರವನ್ನು ನಡುಗಿಸಿತ್ತು. ಅವರ ಬೇಡಿಕೆಗಳು ವೇತನ, ವಾರದ ರಜೆ, ಮೇಲಧಿಕಾರಿಗಳ ಕಿರುಕುಳದಿಂದ ಮುಕ್ತಿ. ರಾಘವೇಂದ್ರ ಔರಾದ್ಕರ್ ಸಮಿತಿ ವರದಿ ಕೊಟ್ಟಿತು. ವೇತನ ಪರಿಷ್ಕರಣೆಯ ಭಾಗ ಜಾರಿಯಾದದ್ದು 2019ರ ಆಗಸ್ಟ್‌ನಲ್ಲಿ. ಮಳೆಗೆ ನೆಂದರೆ ಭಾರವಾಗುವ, ಗಲಾಟೆಯ ನಡುವೆ ತಲೆಯಿಂದ ಹಾರಿಹೋಗುವ ಅಗಲ ಅಂಚಿನ ಸ್ಲೋಚ್ ಟೋಪಿಯಿಂದ ಕಾನ್‌ಸ್ಟೇಬಲ್‌ಗಳಿಗೆ ಬಿಡುಗಡೆ ಸಿಕ್ಕಿ ನೀಲಿ ಪೀಕ್ ಕ್ಯಾಪ್ ಬಂದದ್ದು 2025ರ ಅಕ್ಟೋಬರ್ 28ಕ್ಕೆ. ಎಷ್ಟೋ ಜನರಿಗೆ ಅದು ಪದಕಕ್ಕಿಂತ ಹೆಚ್ಚು ಸಂತೋಷ ಕೊಟ್ಟಿರಬೇಕು.

ಒಂದು ವರ್ಷದ ಸೇವೆಯನ್ನು ಗುರುತಿಸಬೇಕಾದರೆ ಆ ಅಧಿಕಾರಿ ಒಂದು ವರ್ಷವಾದರೂ ಆ ಠಾಣೆಯಲ್ಲಿ ಇರಬೇಕಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದೇ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಕೊಡಿ ಎಂದಿತ್ತು. ಕರ್ನಾಟಕ ಬಹುಕಾಲ ಒಂದೇ ವರ್ಷಕ್ಕೆ ಅಂಟಿಕೊಂಡಿತ್ತು. ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಎರಡಕ್ಕೆ ಏರಿಸಿದ್ದು 2024ರಲ್ಲಿ. ಶಾಸಕರ ಶಿಫಾರಸು ಪತ್ರದ ಮೇಲೆ ಎಸ್‌ಐ ಬದಲಾಗುವ ಅಭ್ಯಾಸ ಇದರಿಂದ ಎಷ್ಟು ಕಡಿಮೆಯಾಯಿತು ಎಂಬುದನ್ನು ಯಾವ ಠಾಣೆಯ ಗೋಡೆಯ ಮೇಲಿನ ನಾಮಫಲಕ ನೋಡಿದರೂ ಹೇಳಬಹುದು. ಅಲ್ಲಿ ಹಿಂದಿನ ಅಧಿಕಾರಿಗಳ ಹೆಸರುಗಳೂ ‘ಇಂದ’, ‘ವರೆಗೆ’ ದಿನಾಂಕಗಳೂ ಬರೆದಿರುತ್ತವೆ. ಪದಕದ ಸಮಿತಿಯವರು ಶಿಫಾರಸು ಓದುವ ಮೊದಲು ಆ ಫಲಕದ ಒಂದು ಫೋಟೊ ತರಿಸಿಕೊಂಡರೆ, ಯಾರು ಎಷ್ಟು ದಿನ ಇದ್ದು ಏನು ಮಾಡಿದರು ಎಂಬುದರ ಅರ್ಧ ಲೆಕ್ಕ ಅಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಬೀಟ್ ಸಮಿತಿಯ ಸಭೆಗೆ ಹೋಗಿ ಕೂರಬೇಕು.